ಸ್ಯಾಂಡ್ರಿಂಗಮ್ಮಿನ ಶಾಬಂದರರು

ನಮ್ಮ ಭಾವನವರು ಮಲಕ್ಕಾ ಬಂದರಿನ ಅಧಿಕಾರಿ. ಮಲಕ್ಕಾಕ್ಕೆ ಅವರು ಒಮ್ಮೆಯೂ ಹೋಗಿಲ್ಲ. ಆ ಹುದ್ದೆ ರದ್ದಾಗಿ ಶತಮಾನಗಳೇ ಕಳೆದಿವೆ. ಅವರಿರುವುದು ಆಕ್ಲೆಂಡಿನ ಸ್ಯಾಂಡ್ರಿಂಗಮ್ಮಿನಲ್ಲಿ, ಬಸ್ ಸ್ಟಾಪಿನ ಹಿಂದಿನ ಮನೆಯಲ್ಲಿ. ಹಡಗು ಹತ್ತಿದರೆ ಅವರಿಗೆ ವಾಂತಿಯಾಗುತ್ತದೆ. ಇಂಥ ಸಣ್ಣಪುಟ್ಟ ತೊಡಕುಗಳನ್ನು ಬಿಟ್ಟರೆ ಅಧಿಕಾರ ಮಾತ್ರ ಪೂರ್ತಿ ಅವರ ಕೈಯಲ್ಲೇ ಇದೆ.

ಭಾವನವರೆಂದರೆ ನನ್ನ ಗಂಡನ ದೊಡ್ಡಪ್ಪನ ಮಗ. ಹೆಸರು ಬರೆಯುವುದಿಲ್ಲ. ಬರೆದರೆ ಫೋನ್ ಮಾಡಿ, "ಅಧಿಕಾರಿ ಅಂತ ಯಾಕಮ್ಮ ಬರ್ದೆ? ಶಾಬಂದರ್ ಅಂತ ಸರಿಯಾದ ಪದ ಇರೋವಾಗ?" ಎಂದು ಶುರು ಮಾಡಿ ಫೋನಿನ ಚಾರ್ಜ್ ಮುಗಿಯುವ ತನಕ ಬಿಡುವುದಿಲ್ಲ. ಹೊಟ್ಟೆಪಾಡಿಗೆ ಅವರು ಆಸ್ಪತ್ರೆಯ ಯಂತ್ರಗಳನ್ನು ರಿಪೇರಿ ಮಾಡುವ ಒಂದು ಕಂಪನಿಯಲ್ಲಿ ಎಂಜಿನಿಯರಾಗಿದ್ದರು. ಅವರ ದೃಷ್ಟಿಯಲ್ಲಿ ಅದು ಉಪಕಸುಬು. ಅಸಲು ಕಸುಬು ಬಂದರು ನಡೆಸುವುದು. "ವೆಲಿಂಗ್ಟನ್‌ನಲ್ಲಿದ್ದಾಗ ಮಲಯ ಸಮುದ್ರದ ವ್ಯಾಪಾರದ ಬಗ್ಗೆ ಆಳವಾಗಿ ಅಧ್ಯಯನ ಮಾಡ್ದೆ" ಎಂದು ಅವರು ಹೇಳುವುದನ್ನು ಕೇಳಿ, ನಾನು ಬಹಳ ದಿನ ಅದು ಯಾವುದೋ ಡಿಗ್ರಿ ಎಂದೇ ತಿಳಿದಿದ್ದೆ.

ಶಾಬಂದರ್ ಅಂದರೆ ಯಾರು? ಐದಾರು ನೂರು ವರ್ಷಗಳ ಹಿಂದೆ ಮಲಯ ದೇಶದ ಮಲಕ್ಕಾಕ್ಕೆ ಪರದೇಶದ ಹಡಗು ಬಂದರೆ ಎದುರು ಹೋಗಿ ಬರಮಾಡಿಕೊಂಡು, ವ್ಯಾಪಾರಿಗಳಿಗೆ ಇಳಿದುಕೊಳ್ಳಲು ಜಾಗ, ಸರಕಿಡಲು ಗೋದಾಮು, ಸರಕು ಹೊರಲು ಆನೆ, ಎಲ್ಲದರ ವ್ಯವಸ್ಥೆ ಮಾಡಿಕೊಡುವ ದೊಡ್ಡ ಮನುಷ್ಯ. ಗುಜರಾತಿಗಳಿಗೆ ಒಬ್ಬ, ಚೀನಾದವರಿಗೆ ಒಬ್ಬ, ಜಾವಾದವರಿಗೆ ಒಬ್ಬ, ಬಂಗಾಳ ಮತ್ತು ಚೋಳಮಂಡಲದ ಕಡೆಯವರಿಗೆ ಒಬ್ಬ, ಹೀಗೆ ನಾಲ್ವರು ಇದ್ದರಂತೆ. "ಕನ್ನಡದವ್ರಿಗೆ?" ಎಂದು ನಾನು ಮೊದಲ ಸಲ ಕೇಳಿದಾಗ ಭಾವನವರ ಮುಖ ಸಪ್ಪಗಾಯಿತು. ನಮ್ಮ ಭಟ್ಕಳ, ಬಸ್ರೂರಿನ ಅಕ್ಕಿ ಕಡಲು ದಾಟುತ್ತಿತ್ತು. ಅಕ್ಕಿಯ ಜೊತೆ ಜನರೂ ಹೋಗೇ ಹೋಗಿರುತ್ತಾರೆ. ಆದರೂ ನಮಗೆ ಅಂತ ಒಬ್ಬ ಶಾಬಂದರ್ ಇರಲಿಲ್ಲ. ಆ ಅನ್ಯಾಯವನ್ನು ಸರಿಪಡಿಸಲು ಅವರೇ ಅಧಿಕಾರ ವಹಿಸಿಕೊಂಡರು. ನೇಮಿಸಿದವರು ಯಾರು ಅಂದಿರಾ? ಅದನ್ನು ಅಕ್ಕ ಒಬ್ಬರೇ ಕೇಳಬಹುದು. ದಿನಾ ಕೇಳುತ್ತಾರೆ ಕೂಡ.

ಅಕ್ಕ ಅಂದರೆ ಭಾವನವರ ಹೆಂಡತಿ. ವಯಸ್ಸಾದವರನ್ನು ನೋಡಿಕೊಳ್ಳುವ ಒಂದು ರೆಸ್ಟ್ ಹೋಮಿನಲ್ಲಿ ಕೆಲಸ. ಇಡೀ ದಿನ ಅಲ್ಲಿಯ ಅಜ್ಜ ಅಜ್ಜಿಯರ ವಿಚಿತ್ರಗಳನ್ನು ಸಹಿಸಿಕೊಂಡು, ಸಂಜೆ ಮನೆಗೆ ಬಂದು ಓವರ್‌ಟೈಮ್ ಮಾಡುತ್ತಾರೆ.

ನಾನು ಈ ಬಂದರಿಗೆ ಬಂದಿಳಿದಾಗ ನನ್ನ ಪರಿಸ್ಥಿತಿ ಹೀಗಿತ್ತು. ಗಂಡ ಓದಲೆಂದು ಮೊದಲೇ ಇಲ್ಲಿಗೆ ಬಂದು, ಓದು ಮುಗಿಸಿ, ಕೆಲಸ ಸಿಗದೆ ಅಲೆಯುತ್ತಿದ್ದ. ನಾನು ಮೈಸೂರಿನಲ್ಲಿ ನರ್ಸಾಗಿದ್ದ ಕೆಲಸ ಬಿಟ್ಟು ಬಂದಿದ್ದೆ. ಇಲ್ಲಿ ನರ್ಸ್ ಆಗಬೇಕಾದರೆ ಇಲ್ಲಿಯ ಪರೀಕ್ಷೆ ಪಾಸಾಗಿ ನೋಂದಣಿ ಆಗಬೇಕು. ವೀಸಾ ಮುಗಿಯುವುದರೊಳಗೆ ಅದು ಆದರೆ ಇಲ್ಲಿ ಸಂಸಾರ, ಆಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ವಾಪಸ್. ಬೀಳ್ಕೊಡಲು ಬಂದ ನೆಂಟರಿಗೆಲ್ಲ "ಹೋದ ತಕ್ಷಣ ಕೆಲಸಕ್ಕೆ ಸೇರ್ಕೋತೀನಿ" ಎಂದು ಜಂಬ ಕೊಚ್ಚಿ ಬಂದಿದ್ದೆ ಬೇರೆ.

ವಿಮಾನ ನಿಲ್ದಾಣದಲ್ಲಿ ಗಂಡನ ಪಕ್ಕ ದೊಗಳೆ ಜಾಕೆಟ್ಟಿನ, ನರೆತ ಮೀಸೆಯ ಒಬ್ಬರು ನಿಂತಿದ್ದರು. ಕೈಮುಗಿದು, "ಯಾವ ಗಾಳಿಗೆ ಬಂದ್ಯಮ್ಮ?" ಅಂದರು. ನಾನು ವಿಮಾನ ಕಂಪನಿಯ ಹೆಸರು ಹೇಳಿದೆ. ಅವರಿಗೆ ನಿರಾಸೆಯಾಯಿತು ಅಂತ ಕಾಣುತ್ತದೆ. "ಇರ್ಲಿ. ಆನೆ ಹೊರಗಡೆ ನಿಂತಿದೆ. ಸರಕು ಕೊಡು" ಎಂದು ನನ್ನ ಸೂಟ್‌ಕೇಸುಗಳನ್ನು ಎಳೆದುಕೊಂಡು ಹೊರಟೇಬಿಟ್ಟರು. ನಾನು ನರ್ಸು ನೋಡಿ. ಇವರಿಗೆ ಜ್ವರಗಿರ ಇದೆಯೇ ಎಂದು ಹಣೆ ಮುಟ್ಟಿ ನೋಡುವ ಮನಸ್ಸಾಯಿತು. ಗಂಡ ಕಿವಿಯಲ್ಲಿ, "ಅವ್ರ ಯೂಟ್‌ಗೆ ಆನೆ ಅಂತಾರೆ. ಏನೂ ಕೇಳ್ಬೇಡ, ಸುಮ್ನೆ ಹತ್ತು" ಅಂದ. ಯೂಟ್ ಅಂದರೆ ಹಿಂದುಗಡೆ ತೆರೆದ ತೊಟ್ಟಿ ಇರುವ ಗಾಡಿ. ಬೂದು ಬಣ್ಣ, ಸುಕ್ಕುಸುಕ್ಕು ಮೈ, ಏರು ಕಂಡರೆ ನಿಂತುಬಿಡುವ ಬುದ್ಧಿ. ಒಂದು ಸಲ ಹತ್ತಿದ ಮೇಲೆ ಆ ಹೆಸರಿನ ಬಗ್ಗೆ ನನ್ನ ತಕರಾರೇನೂ ಉಳಿಯಲಿಲ್ಲ.

ನಮ್ಮ ಬಿಡಾರ ಗ್ಯಾರೇಜಿನಲ್ಲಿ. ಅದೇ ಗೋದಾಮು. ಒಳಗೆ ಮಂಚ, ಹೀಟರು, ಕಂಬಳಿ ಎಲ್ಲ ಚೊಕ್ಕಟವಾಗಿತ್ತು. ಆದರೆ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದ ಗೆರೆಗಳಿದ್ದವು. ಹಳೇ ಮಲಯ ಹಡಗುಗಳ ಒಡಲನ್ನು ಅಂಕಣಗಳಾಗಿ ಪಾಲು ಮಾಡಿ ಒಬ್ಬೊಬ್ಬ ವ್ಯಾಪಾರಿಗೆ ಒಂದೊಂದು ಕೊಡುತ್ತಿದ್ದರಂತೆ. ಆ ಪ್ರಕಾರ ನಮಗೊಂದು ಅಂಕಣ, ವಾಷಿಂಗ್ ಮಷೀನಿಗೊಂದು, ಹುಲ್ಲು ಕತ್ತರಿಸುವ ಯಂತ್ರಕ್ಕೊಂದು.

"ಬೇರೆಯವ್ರ ಹಡಗಲ್ಲಿ ಹೀಗೆ ಅಂಕಣ ಹಿಡ್ಕೊಂಡು ಹೊರಟವ್ರನ್ನ ಆ ಕಾಲದ ಕಡಲ ಕಟ್ಟಳೇಲಿ ಏನಂತ ಕರೀತಿದ್ರು ಗೊತ್ತಾ? ಕೀವಿ ಅಂತ. ನೀನು ಇವತ್ತಿಂದ್ಲೇ ಕೀವಿ ಕಣಮ್ಮ. ಪಾಸ್‌ಪೋರ್ಟು ಆಮೇಲೆ ಬರುತ್ತೆ" ಅಂದರು ಭಾವನವರು.

ಕೀವಿ ಅಂತ ಕರೆಯುವುದು ಈ ದೇಶದವರನ್ನು. ಬುರುಡೆ ಬಿಡುತ್ತಿದ್ದಾರೆ ಅಂದುಕೊಂಡೆ. ವಾರ ಕಳೆದ ಮೇಲೆ ಲೈಬ್ರರಿಯಿಂದ ಪುಸ್ತಕ ತಂದು ತೋರಿಸಿದರು. ನಿಜ! ಅವರ ಜೊತೆ ಏಗುವುದರಲ್ಲಿ ಇದೇ ಕಷ್ಟ. ಹೇಳಿದ್ದರಲ್ಲಿ ಅರ್ಧ ನಿಜವಿರುತ್ತದೆ, ಯಾವ ಅರ್ಧ ಅಂತ ಗೊತ್ತಾಗುವುದಿಲ್ಲ.

ಮಾರನೆಯ ಬೆಳಿಗ್ಗೆ ನಾನು ಬಿಟ್ಟಿ ಕೂತಿರಬಾರದು ಎಂದು ಗ್ಯಾರೇಜಿನ ನೆಲವನ್ನು ಸೋಪು ಹಾಕಿ ತಿಕ್ಕಿ ತೊಳೆದೆ. ಭಾವನವರು ಬಂದು ನೋಡಿ ಬಾಗಿಲಲ್ಲೇ ನಿಂತರು.

"ಗಡೀನೇ ಅಳಿಸ್ಬಿಟ್ಯಲ್ಲಮ್ಮ."

"ಇನ್ನೊಂದ್ಸಲ ಎಳ್ಕೊಳ್ಳಿ, ನಿಮ್ಗೇನು ಬೇರೆ ಕೆಲ್ಸ?" ಎಂದು ಅಕ್ಕ ಅಡುಗೆಮನೆಯಿಂದಲೇ ಹೇಳಿದರು.

ಎಳೆದರು. ಹೊಸ ಗಡಿಯ ಪ್ರಕಾರ ವಾಷಿಂಗ್ ಮಷೀನಿನ ಸಾಮ್ರಾಜ್ಯ ವಿಸ್ತಾರವಾಗಿ, ನಮ್ಮ ಮಂಚದ ಒಂದು ಕಾಲು ಪರದೇಶಕ್ಕೆ ಹೋಯಿತು.

ಒಂದು ವಾರವಾದ ಮೇಲೆ ಸಂಕೋಚದಿಂದ ಕೇಳಿದೆ, "ನಾವು ಎಷ್ಟು ದಿನ ಇರ್ಬಹುದು ಭಾವ?"

"ಗಾಳಿ ತಿರುಗೋ ತನಕ."

ಅಲ್ಲಿಂದ ಶುರುವಾಯಿತು ವಿವರಣೆ. ಆ ಸಮುದ್ರದಲ್ಲಿ ಹಡಗುಗಳು ಓಡುತ್ತಿದ್ದದ್ದು ಗಾಳಿಯ ದಯೆಯಿಂದ. ಒಂದು ಋತುವಿನ ಗಾಳಿ ನಮ್ಮ ಕಡೆಯ ಹಡಗನ್ನು ಮಲಕ್ಕಾಕ್ಕೆ ಮುಟ್ಟಿಸುತ್ತಿತ್ತು. ಅಲ್ಲಿಂದ ಹೊರಡಬೇಕಾದರೆ ಗಾಳಿ ದಿಕ್ಕು ಬದಲಿಸಬೇಕು. ತಿಂಗಳುಗಟ್ಟಲೆ ಕಾಯಬೇಕು. ಎಂಥ ಕುಬೇರನೇ ಆಗಲಿ, ಎಂಥ ನಾವಿಕನೇ ಆಗಲಿ, ಕೂತು ಕಾಯಬೇಕು. ಕಾಯುವವರಿಗಾಗಿಯೇ ಬೀದಿಗಳು, ಬಿಡಾರಗಳು, ಕೇರಿಗಳು ಹುಟ್ಟಿಕೊಂಡವು. "ಇಡೀ ಊರು ಕಾಯೋರಿಂದ್ಲೇ ಆದದ್ದಮ್ಮ" ಅಂದರು ಭಾವನವರು.

ಸರಿ, ಆದರೆ ಇದು ಆಕ್ಲೆಂಡು. ಇಲ್ಲಿ ಗಾಳಿ ಒಂದು ಕಾಫಿ ಕುಡಿಯುವುದರೊಳಗೆ ನಾಲ್ಕು ದಿಕ್ಕಿಗೆ ತಿರುಗುತ್ತದೆ. ಹಾಗೆಂದು ನಾನು ಬುದ್ಧಿವಂತಿಕೆ ತೋರಿಸಿದ್ದಕ್ಕೆ, ಬೀದಿಯಲ್ಲಿ ಬೀಸುವ ಗಾಳಿ ಲೆಕ್ಕಕ್ಕಿಲ್ಲ, ಊರಿನ ಇನ್ನೊಂದು ಮಗ್ಗುಲಿನ ಒನೆಹುಂಗಾದ ಹಳೆಯ ಧಕ್ಕೆಯಲ್ಲಿ ಬೀಸುವುದಷ್ಟೇ ಅಧಿಕೃತ ಎಂದು ತೀರ್ಪಾಯಿತು. ಪ್ರತಿ ಶನಿವಾರ ಆನೆಯ ಮೇಲೆ ಅಲ್ಲಿಗೆ ಸವಾರಿ. ಮೀನಿನ ಗಾಳದ ಕೋಲೊಂದಕ್ಕೆ ಬಿಳಿಯ ಕರವಸ್ತ್ರ ಕಟ್ಟಿ, ಎತ್ತಿ ಹಿಡಿದು, ಕಣ್ಣು ಕಿರಿದು ಮಾಡಿಕೊಂಡು ನಿಂತುಬಿಡುತ್ತಿದ್ದರು. ಪಕ್ಕದಲ್ಲಿ ಮೀನು ಹಿಡಿಯುತ್ತ ಕೂತಿದ್ದ ಭಾರೀ ದೇಹದ ಟೊಂಗನ್ ಮುದುಕರೊಬ್ಬರು ಒಂದು ದಿನ ತಡೆಯಲಾರದೆ ಏನು ಹಿಡಿಯುತ್ತಿದ್ದೀಯ ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಗಾಳಿ" ಅಂದರು ಭಾವನವರು.

"ಸಿಕ್ಕಿತೇ?"

"ಇನ್ನೂ ಇಲ್ಲ."

ಮುದುಕರು ಬಹಳ ಸಹಾನುಭೂತಿಯಿಂದ ತಲೆಯಾಡಿಸಿ, ಆ ಜಾಗದಲ್ಲಿ ತಮಗೂ ಏನೂ ಸಿಗುತ್ತಿಲ್ಲ ಅಂದರು.

ಬಂದರಿನ ಇನ್ನೊಂದು ಕಟ್ಟಳೆ ಬಹಳ ಕಟ್ಟುನಿಟ್ಟಿನದು. ಆ ಮನೆಯಲ್ಲಿ "ಕೆಲಸ ಸಿಕ್ತಾ?" ಎಂದು ಯಾರೂ ಯಾರನ್ನೂ ಕೇಳಕೂಡದು. ಕೇಳಿದವರು ಆನೆಯ ಮೈ ತೊಳೆಯಬೇಕು. ಕೇಳಬೇಕಾದದ್ದು "ಗಾಳಿ ಹೇಗಿದೆ?" ಎಂದು. ಅದಕ್ಕೆ ಉತ್ತರ, "ಇನ್ನೂ ತಿರುಗಿಲ್ಲ ಶಾಬಂದರರೇ." ಮೂರು ಹೊತ್ತೂ ಇದೇ ನಾಟಕ. ಬೆಳಿಗ್ಗೆ ನಾನು ಹಲ್ಲುಜ್ಜುತ್ತ ಎದುರಾದರೂ, "ಗಾಳಿ ಹೇಗಿದೆಯಮ್ಮ?" ಬಾಯಲ್ಲಿ ನೊರೆ ತುಂಬಿಕೊಂಡು ಉತ್ತರ ಕೊಡದಿದ್ದರೆ ಬಿಡುತ್ತಿರಲಿಲ್ಲ. ನನ್ನ ಗಂಡ ಒಂದು ದಿನ ಮರೆತು ನನ್ನನ್ನೇ "ರಿಸಲ್ಟ್ ಏನಾದ್ರೂ ಬಂತಾ?" ಎಂದು ಊಟದ ಮೇಜಿನಲ್ಲಿ ಕೇಳಿಬಿಟ್ಟ. ಮಳೆಯಲ್ಲೇ ಯೂಟ್ ತೊಳೆಯಬೇಕಾಯಿತು. ಮಳೆಯೇ ತೊಳೆಯುತ್ತಿದೆಯಲ್ಲ ಎಂಬ ಅವನ ವಾದ ನಡೆಯಲಿಲ್ಲ.

ಇನ್ನು ಲವಂಗದ ಪ್ರಕರಣ. ಸ್ಯಾಂಡ್ರಿಂಗಮ್ ರಸ್ತೆಯ ಗುಜರಾತಿ ಅಂಗಡಿಗೆ ನಮ್ಮನ್ನು ಕರೆದುಕೊಂಡು ಹೋಗಿ, ಲವಂಗದ ಪ್ಯಾಕೆಟ್ಟನ್ನು ಎತ್ತಿ ಹಿಡಿದು, ಇದು ಯಾವ ದ್ವೀಪದ್ದು ಎಂದು ವಿಚಾರಣೆ ಶುರು ಮಾಡಿದರು. ಒಂದಾನೊಂದು ಕಾಲದಲ್ಲಿ ಲವಂಗ ಮಲುಕು ಎಂಬ ಕಡೆಯ ನಾಲ್ಕಾರು ಪುಟ್ಟ ದ್ವೀಪಗಳಲ್ಲಿ ಬಿಟ್ಟರೆ ಇನ್ನೆಲ್ಲೂ ಬೆಳೆಯುತ್ತಿರಲಿಲ್ಲವಂತೆ. ನಮ್ಮ ಹಿಂದೆ ಹಾಲು ಬ್ರೆಡ್ಡು ಹಿಡಿದವರ ಸಾಲು ಬೆಳೆಯುತ್ತಿತ್ತು. ಅಂಗಡಿಯವನು ಪ್ಯಾಕೆಟ್ ತಿರುಗಿಸಿ ನೋಡಿ, "ಒನೆಹುಂಗಾ ಅಂಕಲ್. ಪ್ಯಾಕ್ಡ್ ಇನ್ ಒನೆಹುಂಗಾ" ಅಂದ.

ಭಾವನವರಿಗೆ ಮೈಮೇಲೆ ದೇವರು ಬಂದಂತಾಯಿತು. ದಾರಿಯುದ್ದಕ್ಕೂ ಅದೇ ಮಾತು. "ನೋಡಿದ್ಯೇನೋ? ಮಲಕ್ಕಾದಲ್ಲೂ ಏನೂ ಬೆಳೀತಿರ್ಲಿಲ್ಲ! ಊಟದ ಅಕ್ಕಿ ಕೂಡ ಹೊರಗಿಂದ ಬರ್ಬೇಕಿತ್ತು. ಎಲ್ಲಿಂದ್ಲೋ ಬರೋದು, ಅಲ್ಲಿ ಗಂಟು ಕಟ್ಟೋದು, ಇನ್ನೆಲ್ಲಿಗೋ ಹೋಗೋದು. ಒನೆಹುಂಗಾ ಅಂದ್ರೆ ಮಲಕ್ಕಾನೇ ಕಣೋ."

ಗಂಡ ಲವಂಗದ ಪ್ಯಾಕೆಟ್ ತಿರುಗಿಸಿ ವಿಳಾಸ ಓದುತ್ತಿದ್ದ. ಎರಡು ದಿನ ಬಿಟ್ಟು ತಲೆ ತಗ್ಗಿಸಿಕೊಂಡು ಬಂದು ಹೇಳಿದ. ಒನೆಹುಂಗಾದ ಅದೇ ಮಸಾಲೆ ಪ್ಯಾಕಿಂಗ್ ಗೋದಾಮಿನಲ್ಲಿ ಕೆಲಸ ಖಾಲಿ ಇದೆ, ಸದ್ಯಕ್ಕೆ ಸೇರಿಕೊಳ್ಳುತ್ತೇನೆ. ಎಂ.ಟೆಕ್ ಮಾಡಿದವನು. ಊರಲ್ಲಿ ಅವನ ಅಪ್ಪನಿಗೆ ಹೇಳುವ ಹಾಗಿಲ್ಲ. ಮನೆಗೆ ಬಂದರೆ ಅವನ ಅಂಗಿಯಿಂದ ನನ್ನ ದಿಂಬಿನವರೆಗೆ ಎಲ್ಲವೂ ಗರಂಮಸಾಲೆ ವಾಸನೆ. ಅವನು ಸ್ನಾನಕ್ಕೆ ಹೋದಾಗ ನಾನು ಒಬ್ಬಳೇ ಕೂತು ಅತ್ತದ್ದುಂಟು. ಆದರೆ ಭಾವನವರು? ಆ ಶನಿವಾರ ಪಾರ್ಕಿನಲ್ಲಿ ನಮ್ಮ ಕನ್ನಡದವರ ಸಂತೋಷಕೂಟವಿತ್ತು. ಡಾಕ್ಟರುಗಳು, ಸಾಫ್ಟ್‌ವೇರಿನವರು, ಬ್ಯಾಂಕಿನವರು ತುಂಬಿಕೊಂಡಿದ್ದ ಆ ಗುಂಪಿನ ನಡುವೆ ನನ್ನ ಗಂಡನ ಹೆಗಲ ಮೇಲೆ ಕೈಹಾಕಿಕೊಂಡು ಹೋಗಿ, ಒಬ್ಬೊಬ್ಬರಿಗೂ, "ನಮ್ಮ ತಮ್ಮ. ಲವಂಗದ ವ್ಯಾಪಾರದಲ್ಲಿದ್ದಾನೆ" ಎಂದು ಪರಿಚಯ ಮಾಡಿಸಿದರು. ಇಬ್ಬರು ಹಣ ಹೂಡುವುದಕ್ಕೆ ಅವಕಾಶವಿದೆಯೇ ಎಂದು ವಿಚಾರಿಸಿದರು.

ಸಂತೋಷಕೂಟದಲ್ಲಿ ಊಟಕ್ಕೂ ಅವರದೇ ಕಟ್ಟಳೆ. ಮಲಯದ ಹಡಗು ದಡ ಮುಟ್ಟಿದರೆ ಮೊದಲು ಹಡಗಿನ ಯಜಮಾನ ಸರಕು ಮಾರಬೇಕು, ಆಮೇಲೆ ಉಳಿದ ವ್ಯಾಪಾರಿಗಳು, ಕೊನೆಗೆ ಆಳುಗಳು. ಇದನ್ನು ಅವರು ಊಟದ ಸಾಲಿಗೆ ಅಳವಡಿಸಿ, ಯಾರು ಏನು ಮಾಡಿಕೊಂಡು ಬಂದಿದ್ದಾರೋ ಅವರು ಅದನ್ನು ಮೊದಲು ತಿನ್ನಬೇಕು ಎಂದು ಸಾರಿದರು. ಧಾರವಾಡದ ಡಾಕ್ಟರೊಬ್ಬರು ತಟ್ಟೆ ಹಿಡಿದು ಬಂದು, "ಸಾಹೇಬ್ರ, ನಮ್ಮ ಮನಿಯಾಕಿ ಮಾಡಿದ್ದು ನಾನು ದಿನಾ ತಿಂತೀನ್ರಿ. ಇವತ್ತರ ಬ್ಯಾರೇದವರ ಮನೀದು ತಿನ್ನಾಕ ಬಿಡ್ರಿ" ಎಂದು ಅಂಗಲಾಚಿದರು. ಅವರ ಮನೆಯಾಕೆ ಹಿಂದೆಯೇ ನಿಂತಿದ್ದರು. ಡಾಕ್ಟರು ಆವತ್ತು ಏನೂ ತಿಂದಂತೆ ಕಾಣಲಿಲ್ಲ.

ಅದೇ ಕೂಟದಲ್ಲಿ ನನ್ನ ಸರದಿಯೂ ಬಂತು. ರೇಷ್ಮೆ ಸೀರೆಯ ಮೇಲೆ ಪಫರ್ ಜಾಕೆಟ್ ಹಾಕಿಕೊಂಡಿದ್ದ ಆಂಟಿಯೊಬ್ಬರು ನಡುಗುಂಪಿನಲ್ಲಿ ನನ್ನ ಕೈ ಹಿಡಿದು, "ಏನಮ್ಮ, ಇನ್ನೂ ಕೆಲ್ಸ ಸಿಗ್ಲಿಲ್ವಾ? ಬಂದು ಎಷ್ಟ್ ತಿಂಗ್ಳಾಯ್ತು? ನಮ್ಮ ಸೊಸೆಗೆ ಬಂದ ತಕ್ಷಣ ಸಿಕ್ತಪ್ಪ" ಅಂದರು. ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ದಿನಗಳು ಅವು. ವೀಸಾದ ಗಡುವು ಹತ್ತಿರವಾಗುತ್ತಿತ್ತು. ಕೈ ಬಿಡಿಸಿಕೊಳ್ಳಲು ನೋಡಿದೆ. ಅಷ್ಟರಲ್ಲಿ ಎಲ್ಲಿದ್ದರೋ ಭಾವನವರು, ತಟ್ಟೆಯೊಂದಿಗೆ ನಮ್ಮಿಬ್ಬರ ನಡುವೆ ತೂರಿಕೊಂಡರು.

"ಆಂಟಿ, ನಿಮ್ಮ ಹೋಳಿಗೇಲಿ ಜಾಯಿಕಾಯಿ ಹಾಕಿದ್ದೀರಲ್ವಾ?"

"ಹೌದು, ಸ್ವಲ್ಪ."

"ಅದು ಎಲ್ಲಿಂದ ಬಂತು ಅಂತ ಗೊತ್ತಾ?"

ಆಂಟಿ ಅಂಗಡಿಯ ಹೆಸರು ಹೇಳಿದರು. ಅಷ್ಟು ಸಾಕಾಯಿತು. ಬಾಂಡಾ ದ್ವೀಪಗಳಿಂದ ಹೊರಟ ಜಾಯಿಕಾಯಿ ಆಂಟಿಯ ಹೋಳಿಗೆ ಮುಟ್ಟುವ ಹೊತ್ತಿಗೆ ಪಾರ್ಕಿನಲ್ಲಿ ಮಕ್ಕಳ ಓಟದ ಸ್ಪರ್ಧೆ ಮುಗಿದು ಬಹುಮಾನ ಹಂಚಿದ್ದೂ ಆಗಿತ್ತು. ಆಂಟಿ ನಡುವೆ ಎರಡು ಸಲ ತಪ್ಪಿಸಿಕೊಳ್ಳಲು ನೋಡಿದರು, ಎರಡು ಸಲವೂ ಜಾವಾದ ಹತ್ತಿರ ಸಿಕ್ಕಿಬಿದ್ದರು. ಆಮೇಲೆ ಯಾವ ಸಮಾರಂಭದಲ್ಲಿ ಕಂಡರೂ ಅವರು ನಮ್ಮ ಮನೆಯವರನ್ನು ದೂರದಿಂದಲೇ ನೋಡಿ ದಿಕ್ಕು ಬದಲಿಸುತ್ತಿದ್ದರು. ಈ ಮನುಷ್ಯನಿಗೆ ಹೊತ್ತುಗೊತ್ತಿಲ್ಲವಲ್ಲ ಎಂದು ನನಗೆ ನಾಚಿಕೆಯಾಗಿತ್ತು.

ಇಷ್ಟೆಲ್ಲ ಕಡಲಿನ ಮಾತಾಡುವವರು ಕಡಲಿಗೆ ಇಳಿದದ್ದುಂಟೇ? ಒಂದೇ ಒಂದು ಸಲ. ಅಕ್ಕನ ಹುಟ್ಟುಹಬ್ಬಕ್ಕೆ ಡೆವನ್‌ಪೋರ್ಟಿಗೆ ಫೆರಿಯಲ್ಲಿ ಹೋದೆವು. ಹತ್ತಿ, ಕೂತು, ಫೋಟೋ ತೆಗೆಸಿಕೊಳ್ಳುವುದರೊಳಗೆ ಆಚೆ ದಡ ಬರುತ್ತದೆ, ಅಷ್ಟು ಹತ್ತಿರ. ಅಷ್ಟರಲ್ಲೇ ಭಾವನವರ ಮುಖ ಹೀರೇಕಾಯಿಯ ಬಣ್ಣಕ್ಕೆ ತಿರುಗಿತು. ಅಕ್ಕ ಪ್ಲಾಸ್ಟಿಕ್ ಚೀಲ ಹಿಡಿದು ಬೆನ್ನು ತಟ್ಟುತ್ತ, "ಇಲ್ಲಿಂದ ಮಲಕ್ಕಾ ಇನ್ನೆಷ್ಟು ದೂರ?" ಎಂದು ಕೇಳಿದರು. ಅಂಥ ಸ್ಥಿತಿಯಲ್ಲೂ ಅವರು ಚೀಲದಿಂದ ತಲೆಯೆತ್ತಿ, "ಶಾಬಂದರ್ ಹಡಗು ಹತ್ತೋದಿಲ್ಲ ಕಣೇ. ಅವನು ದಡದಲ್ಲಿರೋನು" ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಸುತ್ತಿ ಬಂದರು. ನಾವು ಮನೆಗೆ ಬಂದು ಹುಟ್ಟುಹಬ್ಬದ ಕೇಕು ತಿಂದು, ಪಾತ್ರೆ ತೊಳೆದಿಟ್ಟ ಮೇಲೆ ಬಂದು ಸೇರಿದರು.

ಹೀಗೇ ದಿನ ಕಳೆಯುತ್ತಿರಲು ಒಂದು ಶುಕ್ರವಾರ ಬೆಳಿಗ್ಗೆ ನನ್ನ ನೋಂದಣಿಯಾಯಿತೆಂದು ಮೇಲ್ ಬಂತು. ಅದರ ಹಿಂದೆಯೇ, ಮಧ್ಯಾಹ್ನಕ್ಕೆ, ಮೊದಲೇ ಸಂದರ್ಶನ ಮಾಡಿದ್ದ ಆಸ್ಪತ್ರೆಯವರು ಫೋನ್ ಮಾಡಿ ಬಂದು ಸೇರಿಕೋ ಅಂದರು. ಅಡುಗೆಮನೆಗೆ ಓಡಿ, ಆವತ್ತು ರಜೆಯಲ್ಲಿದ್ದ ಅಕ್ಕನನ್ನು ತಬ್ಬಿಕೊಂಡೆ. ಇಬ್ಬರೂ ಅತ್ತೆವು. ಸಂಜೆ, ಫೋನಿನಲ್ಲಿ ಸುದ್ದಿ ತಿಳಿದಿದ್ದ ಭಾವನವರು ಕೆಲಸದಿಂದ ನೇರ ಮನೆಗೆ ಬರಲಿಲ್ಲ. ಶನಿವಾರವಲ್ಲದಿದ್ದರೂ ಒನೆಹುಂಗಾಕ್ಕೆ ಹೋಗಿ, ಕೋಲು ಕರವಸ್ತ್ರದ ಸಮೇತ ಬಂದು, ನಡುಮನೆಯಲ್ಲಿ ನಿಂತು ಗಂಭೀರವಾಗಿ ಘೋಷಿಸಿದರು: "ಗಾಳಿ ತಿರುಗಿತು."

ಗಂಡ ಕಿಟಕಿಯಿಂದ ಹೊರಗೆ ನೋಡಿದ. ಬೀದಿಯ ಕೊನೆಯ ಡೈರಿಯ, ಅಂದರೆ ಮೂಲೆ ಅಂಗಡಿಯ ಮುಂದೆ ಐಸ್‌ಕ್ರೀಮಿನ ಬಾವುಟವೊಂದಿದೆ. ಅದು ನಿನ್ನೆ ಯಾವ ಕಡೆಗೆ ಹಾರುತ್ತಿತ್ತೋ ಇವತ್ತೂ ಆ ಕಡೆಗೇ ಹಾರುತ್ತಿತ್ತು. "ಎಲ್ಲಿ ತಿರುಗ್ತು ಅಣ್ಣ?" ಅಂದ. "ನಿಂಗೇನ್ ಗೊತ್ತೋ ಲವಂಗ ಕಟ್ಟೋನಿಗೆ" ಎಂದು ಅವನ ಬಾಯಿ ಮುಚ್ಚಿಸಿದರು. ನಮಗಿಂತ ಮೊದಲು ಆ ಗ್ಯಾರೇಜಿನಲ್ಲಿದ್ದ ಹುಬ್ಬಳ್ಳಿಯ ಫಿಸಿಯೋಥೆರಪಿಸ್ಟಿಗೂ ಕೆಲಸದ ಪತ್ರ ಬಂದ ದಿನವೇ ಗಾಳಿ ತಿರುಗಿತ್ತು ಎಂದು ಅಕ್ಕ ಹೇಳಿದರು. ಕಾಕತಾಳೀಯ ಅಂದುಕೊಂಡೆ ನೋಡಿ, ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ನಾವು ಒನೆಹುಂಗಾದಲ್ಲೇ ಬಾಡಿಗೆಗೆ ಮನೆ ಹಿಡಿದೆವು. ಸರಕು ಸಾಗಿಸಿದ್ದು ಆನೆಯೇ. ಗಂಡನಿಗೂ ಆಮೇಲೆ ಓದಿಗೆ ತಕ್ಕ ಕೆಲಸ ಸಿಕ್ಕಿತು. ಗ್ಯಾರೇಜಿಗೆ ನಮ್ಮ ನಂತರವೂ ಜನ ಬಂದರು, ಗಾಳಿ ತಿರುಗಿ ಹೋದರು.

ಇಷ್ಟಾಗಿ ಕೆಲವು ವರ್ಷಗಳಾಗಿವೆ. ಮೊನ್ನೆ ಚಳಿಗಾಲದ ಶುರುವಿನಲ್ಲಿ ಅಕ್ಕನ ಫೋನು ಬಂತು.

"ಅವ್ರು ಗ್ಯಾರೇಜ್ ಸೇರ್ಕೊಂಡಿದ್ದಾರೆ ಕಣೆ."

ವಿಷಯ ಗೊತ್ತಿತ್ತು. ಕಂಪನಿಯವರು ಮೀಟಿಂಗಿಗೆ ಕರೆದು, ಟೀ ಬಿಸ್ಕತ್ತು ಕೊಟ್ಟು, ನಿಮ್ಮ ಕೆಲಸದಲ್ಲಿ ಯಾವ ತಪ್ಪೂ ಇಲ್ಲ, ಆದರೆ ನಿಮ್ಮ ಹುದ್ದೆ ಇನ್ನು ಮುಂದೆ ಇರುವುದಿಲ್ಲ ಅಂದಿದ್ದರು. ಇಲ್ಲಿ ಎಲ್ಲವನ್ನೂ ಬಹಳ ನಯವಾಗಿ ಮಾಡುತ್ತಾರೆ. ನಿವೃತ್ತಿಗೆ ಇನ್ನೂ ವರ್ಷಗಳಿರುವಾಗ ಹೊಸ ಕೆಲಸಕ್ಕೆ ಅರ್ಜಿ ಹಾಕುವ ಪಾಡು. ಮೊದಮೊದಲು ಧೈರ್ಯವಾಗಿದ್ದರಂತೆ. ಆಮೇಲೆ ಕಂಡವರೆಲ್ಲ ಕೇಳತೊಡಗಿದರು. ದೇವಸ್ಥಾನದಲ್ಲಿ, ಗುಜರಾತಿ ಅಂಗಡಿಯಲ್ಲಿ, ಫೋನಿನಲ್ಲಿ: "ಏನಾದ್ರೂ ಸಿಕ್ತಾ?" ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನನ್ನ ಗಂಡನೂ ಕೇಳಿದ್ದ. ಈಗ ಅವರು ಹಗಲೆಲ್ಲ ಗ್ಯಾರೇಜಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತಾರೆ. ಒನೆಹುಂಗಾಕ್ಕೆ ಹೋಗುವುದು ಬಿಟ್ಟಿದ್ದಾರೆ. ಮಲಕ್ಕಾದ ಹೆಸರು ಎತ್ತಿ ವಾರಗಳಾದವು.

"ಮೂವತ್ತು ವರ್ಷದಿಂದ ಇವ್ರು ಬಾಯ್ಮುಚ್ಚಲಿ ಅಂತ ದೇವ್ರನ್ನ ಕೇಳ್ಕೊಂಡೆ. ಈಗ ಮುಚ್ಚಿದ್ದಾರೆ. ನಂಗೆ ಭಯ ಆಗ್ತಿದೆ" ಅಂದರು ಅಕ್ಕ.

ಶನಿವಾರ ಹೋದೆ. ಅಕ್ಕ ಕಾಫಿ ಬೆರೆಸುತ್ತ, ಇಷ್ಟು ದಿನ ಹೇಳದ ಒಂದು ವಿಷಯ ಹೇಳಿದರು. ಈ ದೇಶಕ್ಕೆ ಬಂದ ಹೊಸತರಲ್ಲಿ ಅವರಿಬ್ಬರೂ ವೆಲಿಂಗ್ಟನ್ನಿನ ಜಾನ್ಸನ್‌ವಿಲ್‌ನಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಇದ್ದರು. ಬಹಳ ಒಳ್ಳೆಯ ಜನ. ಒಂದು ಹೊತ್ತಿನ ಊಟಕ್ಕೂ ಕಡಿಮೆ ಮಾಡಲಿಲ್ಲ. ಆದರೆ ದಿನಾ ಬೆಳಿಗ್ಗೆ ಕಾಫಿ ಲೋಟ ಕೈಗಿಡುತ್ತ ಮನೆಯ ಯಜಮಾನರು, "ಏನಪ್ಪ, ಕೆಲ್ಸ ಸಿಕ್ತಾ?" ಎಂದು ಕೇಳುತ್ತಿದ್ದರು.

"ಇವ್ರಿಗೆ ಆ ಕಾಫಿ ಗಂಟ್ಲಲ್ಲಿ ಇಳೀತಿರ್ಲಿಲ್ಲ ಕಣೆ. ಕಾಫೀನೇ ಬಿಟ್ರು. ಅವ್ರು ಏಳೋದ್ರೊಳಗೆ ರೈಲು ಹತ್ತಿ ಪೇಟೆಗೆ ಹೋಗ್ಬಿಡೋರು. ದೊಡ್ಡ ಲೈಬ್ರರಿ ಇತ್ತಲ್ಲ, ಅಲ್ಲೇ ಸಾಯಂಕಾಲದ ತನಕ ಕೂತಿರೋರು. ಹೀಟರ್ ಪಕ್ಕದ ಶೆಲ್ಫಲ್ಲಿ ಮಲಯ ದೇಶದ ಪುಸ್ತಕಗಳಿದ್ವಂತೆ. ಅದನ್ನೇ ಓದಿದ್ರು."

ಇದು ಅವರ ಆಳವಾದ ಅಧ್ಯಯನ! ಆ ಶೆಲ್ಫಿನಲ್ಲಿ ಹೂದೋಟದ ಪುಸ್ತಕಗಳಿದ್ದಿದ್ದರೆ ನಾವೆಲ್ಲ ಏನಾಗಿರುತ್ತಿದ್ದೆವೋ. ನಗಬೇಕು ಅಂದುಕೊಂಡೆ, ಆಗಲಿಲ್ಲ. ಅಕ್ಕನ ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಗ್ಯಾರೇಜಿನಲ್ಲಿ ಬಿಟ್ಟಿ ಕೂತ ಅಷ್ಟೂ ತಿಂಗಳು ಆ ಮನೆಯೊಳಗೆ ನನಗೆ ಒಂದು ದಿನವೂ ನಾನು ಕೆಲಸವಿಲ್ಲದವಳು ಎಂದು ಅನ್ನಿಸಿರಲಿಲ್ಲ. ನಾನು ಗಾಳಿಗೆ ಕಾಯುತ್ತಿದ್ದೆ, ಅಷ್ಟೆ. ಗಾಳಿ ತಿರುಗದಿದ್ದರೆ ಹಡಗಿನವರ ತಪ್ಪೇನು?

ಅಕ್ಕನ ಕೈಯಿಂದ ಕಾಫಿ ಲೋಟ ಇಸಿದುಕೊಂಡು ಗ್ಯಾರೇಜಿಗೆ ಹೋದೆ. ಭಾವನವರು ಮಂಚದ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಮೀಸೆ ಪೂರ್ತಿ ಬಿಳಿಯಾಗಿತ್ತು. ನೆಲದ ಮೇಲೆ ಗೆರೆಗಳು ಮಾಸಿದ್ದವು. ನನ್ನನ್ನು ನೋಡಿ, ಕೈಯಲ್ಲಿದ್ದ ಲೋಟ ನೋಡಿ, ಮುಖ ಬಿಗಿ ಮಾಡಿಕೊಂಡರು. ಈಗ ಇವಳೂ ಕೇಳುತ್ತಾಳೆ ಎಂದು ಕಾಯುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು.

ಲೋಟ ಅವರ ಕೈಗಿಟ್ಟು ಕೇಳಿದೆ, "ಗಾಳಿ ಹೇಗಿದೆ ಭಾವ?"

ಅವರು ಕನ್ನಡಕ ತೆಗೆದು ಕಂಬಳಿಯ ತುದಿಯಿಂದ ಒರೆಸಿಕೊಂಡರು. ಮತ್ತೆ ಹಾಕಿಕೊಂಡು, ಕಾಫಿ ಒಂದು ಗುಟುಕು ಕುಡಿದು, ಗಂಟಲು ಸರಿಮಾಡಿಕೊಂಡರು.

"ಇನ್ನೂ ತಿರುಗಿಲ್ಲ ಶಾಬಂದರರೇ."

"ಒನೆಹುಂಗಾದಲ್ಲಿ ನೋಡಿದ್ರಾ? ಬೀದಿ ಗಾಳಿ ಲೆಕ್ಕಕ್ಕಿಲ್ಲ."

"ಹೌದಲ್ವಾ" ಅಂದರು. ಲೋಟ ಖಾಲಿ ಮಾಡಿ, ಕಂಬಳಿ ಮಡಿಚಿಟ್ಟು, ಮಂಚದ ಕೆಳಗಿನಿಂದ ಗಾಳದ ಕೋಲು ಎಳೆದುಕೊಂಡರು. ಕರವಸ್ತ್ರ ಅದರ ತುದಿಯಲ್ಲೇ ಇತ್ತು.

ಆನೆಯನ್ನು ನಾನು ಓಡಿಸಿದೆ. ಏರಿನಲ್ಲಿ ಎರಡು ಕಡೆ ನಿಂತಿತು. ಧಕ್ಕೆಯ ಮೇಲೆ ಟೊಂಗನ್ ಮುದುಕರು ತಮ್ಮ ಜಾಗದಲ್ಲೇ ಇದ್ದರು, ಭಾವನವರನ್ನು ಕಂಡು ಕೈಯೆತ್ತಿದರು. ದಾರಿಯಲ್ಲಿ ಭಾವನವರು ಲವಂಗದ ಬಗ್ಗೆ ಏನೋ ಹೇಳಲು ಶುರು ಮಾಡಿದ್ದರು. ಅದನ್ನು ಮುಗಿಸುತ್ತಲೇ ಕೋಲು ಎತ್ತಿ ಹಿಡಿದರು. ಗಾಳಿ ಜೋರಾಗಿತ್ತು, ಕರವಸ್ತ್ರ ಪಟಪಟ ಬಡಿದುಕೊಳ್ಳುತ್ತಿತ್ತು. ಗಾಳಿಗೆ ಕೋಲು ಬಾಗುತ್ತಿದ್ದದ್ದರಿಂದ ಅವರ ಕೈಯ ಕೆಳಗೆ ನಾನೂ ಹಿಡಿದುಕೊಂಡೆ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ಇಬ್ಬರೂ ನೋಡಲಿಲ್ಲ.